ವಿಶ್ವವಿದ್ಯಾಲಯದ ಸಸ್ಯೋದ್ಯಾನದ ಹೊಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಸಸ್ಯಶಾಸ್ತ್ರ ವಿಭಾಗದಲ್ಲಿ ಸಹ ಪ್ರಾಧ್ಯಾಪಕಿ. ಸರದಿಯಂತೆ ಮುಂದಿನ ಮೂರು ವರ್ಷಗಳ ಕಾಲ ನಮ್ಮ ಸಸ್ಯೋದ್ಯಾನದ ಹೊಣೆ ನನ್ನ ಪಾಲಿಗೆ ಬಂದಿದೆ. ಕಾಯಂ ಮಾಲಿಗಳು ಇಬ್ಬರೇ ಇದ್ದಾರೆ. ಬಹುತೇಕ ಮರಗಳ ಫಲಕಗಳು ಅಳಿಸಿಹೋಗಿವೆ. ಹೊಸದೊಂದು ಗಾಜಿನ ಮನೆ ಕಟ್ಟಿಸೋಣವೆಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಮೊದಲು ಯಾವ ಕೆಲಸವನ್ನು ಕೈಗೆತ್ತಿಕೊಳ್ಳಲಿ?

ಉತ್ತರ: ಗಾಜಿನ ಮನೆ ಕಾಯಲಿ, ನೋಂದಣಿ ಪುಸ್ತಕದಿಂದ ಆರಂಭಿಸಿ. ವಿಶ್ವವಿದ್ಯಾಲಯಗಳಲ್ಲಿ ಸಸ್ಯೋದ್ಯಾನಗಳು ಏಕೆ ಹುಟ್ಟಿದವೆಂಬುದನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ಇಟಲಿಯ ಪಾದುವಾ ನಗರದ ಉದ್ಯಾನವನ್ನು 1545ರಲ್ಲಿ ವೆನಿಸ್ ಗಣರಾಜ್ಯವು ಸ್ಥಾಪಿಸಿದ್ದು ವೈದ್ಯವಿದ್ಯಾರ್ಥಿಗಳಿಗಾಗಿ. ಔಷಧಿಯ ಗಿಡವಾವುದು, ಅದನ್ನೇ ಹೋಲುವ ಬೇರೆ ಗಿಡವಾವುದು ಎಂಬುದನ್ನು ಅವರು ಕಣ್ಣಾರೆ ಕಂಡು ಕಲಿಯಬೇಕಿತ್ತು. ಅಲ್ಲಿ ಹೆಸರು ತಪ್ಪಿದರೆ ರೋಗಿಯ ಪ್ರಾಣಕ್ಕೇ ಅಪಾಯವಿತ್ತು. ನಾಲ್ಕೂಮುಕ್ಕಾಲು ಶತಮಾನಗಳ ಬಳಿಕವೂ ಆ ಉದ್ಯಾನ ಅದೇ ಜಾಗದಲ್ಲಿದೆ. ಅಲ್ಲಿ 1585ರಲ್ಲಿ ನೆಟ್ಟ ತಾಳೆಯ ಜಾತಿಯ ಗಿಡವೊಂದು ಇಂದಿಗೂ ಬದುಕಿದೆ. ಆ ಗಿಡದ ವಯಸ್ಸನ್ನು ನಾವು ಇಷ್ಟು ಖಚಿತವಾಗಿ ಹೇಳಬಲ್ಲೆವೆಂದರೆ, ಅಂದು ಯಾರೋ ಅದನ್ನು ಬರೆದಿಟ್ಟಿದ್ದಾರೆ ಎಂದೇ ಅರ್ಥ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ 1621ರಲ್ಲಿ ಆರಂಭವಾದ ಉದ್ಯಾನದ ಮೊದಲ ಪಾಲಕ ಜೇಕಬ್ ಬೊಬಾರ್ಟ್ 1648ರ ಹೊತ್ತಿಗೆ ಸುಮಾರು 1600 ಸಸ್ಯಗಳ ಪಟ್ಟಿಯನ್ನು ಮುದ್ರಿಸಿದ್ದರು.

ಉದ್ಯಾನಕ್ಕೆ ಬಂದ ಪ್ರತಿಯೊಂದು ಸಸ್ಯಕ್ಕೂ ಒಂದು ಸಂಖ್ಯೆಯಿರಬೇಕು. ಬಂದ ವರ್ಷ ಮತ್ತು ಆ ವರ್ಷದ ಕ್ರಮಾಂಕ ಸೇರಿದರೆ ಸಾಕು. ಆ ಸಂಖ್ಯೆಯ ಮುಂದೆ ಗಿಡದ ಹೆಸರು, ಹೆಸರಿಸಿದವರು ಯಾರು, ತಂದವರು ಯಾರು, ಎಲ್ಲಿಂದ ತಂದರು, ಬೀಜವಾಗಿ ಬಂತೋ ಸಸಿಯಾಗಿ ಬಂತೋ, ಉದ್ಯಾನದ ಯಾವ ಭಾಗದಲ್ಲಿ ನೆಟ್ಟರು ಎಂಬ ವಿವರಗಳು ಬರಬೇಕು. ಮೂಲವನ್ನು ಬರೆಯುವಾಗ ಜಗತ್ತಿನ ಸಸ್ಯೋದ್ಯಾನಗಳು ನಾಲ್ಕು ಬಗೆಗಳನ್ನು ಬೇರ್ಪಡಿಸುತ್ತವೆ: ಕಾಡಿನಿಂದ ನೇರವಾಗಿ ತಂದದ್ದು, ಹಾಗೆ ತಂದ ಗಿಡದಿಂದ ಬೆಳೆಸಿದ್ದು, ಬೇಸಾಯದ ಮೂಲದ್ದು, ಮೂಲ ತಿಳಿಯದ್ದು. ನಾಲ್ಕನೆಯ ಬಗೆಯನ್ನು ಬರೆಯಲು ಸಂಕೋಚಪಡಬೇಡಿ. ಊಹಿಸಿ ಬರೆದ ಮೂಲವು ಮುಂದೆ ಅದನ್ನು ನಂಬಿ ಸಂಶೋಧನೆ ಮಾಡುವವರನ್ನು ದಾರಿ ತಪ್ಪಿಸುತ್ತದೆ; ತಿಳಿಯದು ಎಂದು ಬರೆದರೆ ಯಾರಿಗೂ ಹಾನಿಯಿಲ್ಲ. ಗಿಡ ಸತ್ತರೆ ಸತ್ತ ದಿನ ಮತ್ತು ಕಾರಣವನ್ನು ಬರೆದು ಸಂಖ್ಯೆಯನ್ನು ಅಲ್ಲಿಗೇ ಮುಗಿಸಬೇಕು, ಅದನ್ನು ಮತ್ತೊಂದು ಗಿಡಕ್ಕೆ ಕೊಡಕೂಡದು.

ನಿಮ್ಮ ಹಿರಿಯ ಮಾಲಿಯನ್ನು ಜೊತೆಗೆ ಕರೆದುಕೊಂಡು ಒಂದೊಂದು ಮರದ ಬಳಿಗೂ ಹೋಗಿ. ಯಾವ ಪ್ರಾಧ್ಯಾಪಕರ ಕಾಲದಲ್ಲಿ ಯಾವ ಸಸಿ ಬಂತೆಂಬುದು ಎಷ್ಟೋ ಕಡೆ ಮಾಲಿಗಳ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ, ಅವರು ನಿವೃತ್ತರಾದ ದಿನ ಅದೂ ಹೋಗುತ್ತದೆ. ಹೂವೋ ಕಾಯೋ ಬಂದಾಗ ಪ್ರತಿ ಮರದಿಂದ ಒಂದು ಮಾದರಿಯನ್ನು ಒಣಗಿಸಿ ಹಾಳೆಗೆ ಅಂಟಿಸಿ, ಅದೇ ಸಂಖ್ಯೆ ಬರೆದು ಹರ್ಬೇರಿಯಂನಲ್ಲಿ, ಅಂದರೆ ಒಣಸಸ್ಯಗಳ ಸಂಗ್ರಹದಲ್ಲಿ, ಇಡಿ. ಮರ ಬಿದ್ದುಹೋದರೂ ಅದು ಯಾವ ಜಾತಿಯದೆಂದು ಮತ್ತೆ ಪರೀಕ್ಷಿಸಲು ಆ ಹಾಳೆಯೊಂದೇ ಆಧಾರವಾಗುತ್ತದೆ. ಮೂರು ವರ್ಷಗಳಲ್ಲಿ ಇಷ್ಟನ್ನು ಮುಗಿಸಿ, ಪುಸ್ತಕದ ಎರಡು ಪ್ರತಿ ಮಾಡಿ, ಒಂದನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಒಪ್ಪಿಸಿದರೆ, ನಿಮ್ಮ ನಂತರ ಬರುವವರು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಸರದಿಯ ಹುದ್ದೆಯಲ್ಲಿ ಕುಳಿತವರು ಮಾಡಬಹುದಾದ ಇದಕ್ಕಿಂತ ದೊಡ್ಡ ಕೆಲಸ ನನಗೆ ಕಾಣುವುದಿಲ್ಲ.

ಪ್ರಶ್ನೆ: ಉದ್ಯಾನದ ಅರ್ಧ ಜಾಗ ಪಾಳು ಬಿದ್ದಿದೆಯೆಂದು ಹೇಳಿ ಅಲ್ಲಿ ಕಟ್ಟಡ ಕಟ್ಟುವ ಪ್ರಸ್ತಾವ ನಮ್ಮ ಸಿಂಡಿಕೇಟ್ ಮುಂದಿದೆ. ಅಭಿವೃದ್ಧಿಪಡಿಸಲು ನಮ್ಮಲ್ಲಿ ಹಣವಿಲ್ಲ ಎಂಬುದು ನಿಜ. ನಿರ್ದೇಶಕರು ಯಾವ ವಾದ ಮುಂದಿಡಬೇಕು?

ಉತ್ತರ: ಕೇಂಬ್ರಿಜ್ ವಿಶ್ವವಿದ್ಯಾಲಯದ ಉದಾಹರಣೆಯನ್ನು ಸಭೆಯ ಮುಂದಿಡಿ. ಅಲ್ಲಿ 1825ರಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಸ್ಟೀವನ್ಸ್ ಹೆನ್ಸ್ಲೋ ಅವರಿಗೆ ನಗರದ ನಡುವೆ ಇದ್ದ ಸುಮಾರು ಐದು ಎಕರೆಯ ಹಳೆಯ ಔಷಧಿ ತೋಟ ಸಾಲದೆನಿಸಿತು. ಹೊರದೇಶಗಳಿಂದ ಬರುತ್ತಿದ್ದ ದೊಡ್ಡ ಮರಗಳನ್ನು ಬೆಳೆಸಿ ಅಭ್ಯಾಸ ಮಾಡಲು ಅಲ್ಲಿ ಸ್ಥಳವೇ ಇರಲಿಲ್ಲ. ಅವರ ಒತ್ತಾಯದಿಂದ ವಿಶ್ವವಿದ್ಯಾಲಯವು 1831ರಲ್ಲಿ ಊರ ಹೊರಗೆ ಸುಮಾರು ನಲವತ್ತು ಎಕರೆ ಜಮೀನನ್ನು ಪಡೆಯಿತು. ಅವರ ಶಿಷ್ಯ ಚಾರ್ಲ್ಸ್ ಡಾರ್ವಿನ್, ಅವರದೇ ಶಿಫಾರಸಿನಿಂದ, ಬೀಗಲ್ ಹಡಗನ್ನು ಹತ್ತಿದ್ದೂ ಅದೇ ವರ್ಷ. ಹೊಸ ಉದ್ಯಾನ 1846ರಲ್ಲಿ ತೆರೆಯಿತಾದರೂ ಹಣ ಸಾಲದೆ ಪಶ್ಚಿಮದ ಅರ್ಧಭಾಗವನ್ನು ಮಾತ್ರ ಬೆಳೆಸಲಾಯಿತು. ಉಳಿದರ್ಧವನ್ನು ಊರಿನವರಿಗೆ ತರಕಾರಿ ಬೆಳೆದುಕೊಳ್ಳಲು ಕೊಟ್ಟಿದ್ದರು. ಆ ಸ್ಥಿತಿ ಸುಮಾರು ನೂರು ವರ್ಷ ನಡೆಯಿತು. ಸಸ್ಯಪ್ರೇಮಿಯಾದ ರೆಜಿನಾಲ್ಡ್ ಕೋರಿ ಎಂಬ ಶ್ರೀಮಂತರು 1934ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಉದ್ಯಾನಕ್ಕೆ ಬಿಟ್ಟುಹೋದರು; ಆ ಹಣದ ಬಲದಿಂದ 1950ರ ದಶಕದಲ್ಲಿ ಪೂರ್ವದ ಭಾಗವೂ ಉದ್ಯಾನವಾಯಿತು. ಆ ನೂರು ವರ್ಷಗಳಲ್ಲಿ ಯಾರಾದರೂ ಅದನ್ನು ಪಾಳುಭೂಮಿಯೆಂದು ಕರೆದು ಕಟ್ಟಡಕ್ಕೆ ಕೊಟ್ಟಿದ್ದರೆ ಕೋರಿಯವರ ಹಣಕ್ಕೆ ಬೆಳೆಸಲು ನೆಲವೇ ಇರುತ್ತಿರಲಿಲ್ಲ. ನಗರದ ನಡುವಿನ ಹಳೆಯ ತೋಟದ ಜಾಗದಲ್ಲಿ ಇಂದು ಕಟ್ಟಡಗಳು ತುಂಬಿಕೊಂಡಿವೆ, ಅಲ್ಲಿಗೆ ಮತ್ತೆ ತೋಟ ಬರಲಾರದು.

ನಾನು ಎಲ್ಲ ಕಟ್ಟಡಗಳನ್ನೂ ವಿರೋಧಿಸುವವನಲ್ಲ. ಕೇಂಬ್ರಿಜ್‌ನ ಉದ್ಯಾನದೊಳಗೇ 2011ರಲ್ಲಿ ಸೇನ್ಸ್‌ಬರಿ ಪ್ರಯೋಗಾಲಯ ತೆರೆಯಿತು. ಆದರೆ ಅದು ಸಸ್ಯಗಳ ಬೆಳವಣಿಗೆಯನ್ನೇ ಅಧ್ಯಯನ ಮಾಡುವ ಪ್ರಯೋಗಾಲಯ. ವಿಶ್ವವಿದ್ಯಾಲಯದ ಹರ್ಬೇರಿಯಂ ಕೂಡ ಅದರಲ್ಲೇ ಇದೆ. ಉದ್ಯಾನದ ಉದ್ದೇಶಕ್ಕೆ ಒದಗುವ ಕಟ್ಟಡವೋ ಅಲ್ಲವೋ ಎಂಬ ಪ್ರಶ್ನೆಯನ್ನು ನೀವು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿ ಪಡೆಯಿರಿ. ಉದ್ಯಾನದ ಗಡಿಯನ್ನು ಅಳತೆ ಮಾಡಿಸಿದ ನಕ್ಷೆ ನಿಮ್ಮಲ್ಲಿಲ್ಲದಿದ್ದರೆ ಸಭೆಗೆ ಮುಂಚೆಯೇ ಅದನ್ನು ಮಾಡಿಸಿಕೊಳ್ಳಿ.

ಪ್ರಶ್ನೆ: ಅಪರೂಪದ ಸಸ್ಯಗಳನ್ನು ಉಳಿಸಲು ಕಾಡುಗಳಿವೆ, ಬೀಜಗಳನ್ನು ತಣ್ಣಗೆ ಕಾದಿಡುವ ಬೀಜಕೋಶಗಳಿವೆ. ಹಾಗಿರುವಾಗ ಉದ್ಯಾನದಲ್ಲಿ ಒಂದೊಂದು ಗಿಡ ನೆಡುವುದರಿಂದ ಏನು ಪ್ರಯೋಜನ? (ಎಂ.ಎಸ್‌ಸಿ. ವಿದ್ಯಾರ್ಥಿ)

ಉತ್ತರ: ನಿಮ್ಮ ಪ್ರಶ್ನೆಯ ಅರ್ಧ ಭಾಗವನ್ನು ನಾನು ಒಪ್ಪುತ್ತೇನೆ. ಒಂದೇ ಒಂದು ಗಿಡ ನೆಟ್ಟು ಜಾತಿಯನ್ನು ಉಳಿಸಿದೆವೆನ್ನುವುದು ಸರಿಯಲ್ಲ. ಆದರೆ ಬೀಜಕೋಶದ ಮಾತು ಪಶ್ಚಿಮಘಟ್ಟದ ಅನೇಕ ಮರಗಳಿಗೆ ಅನ್ವಯಿಸುವುದಿಲ್ಲ. ಬೀಜವನ್ನು ಚೆನ್ನಾಗಿ ಒಣಗಿಸಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆಯಲ್ಲಿಡುವುದು ಬೀಜಕೋಶದ ಸಾಮಾನ್ಯ ಕ್ರಮ. ರಾಗಿ, ಭತ್ತಗಳ ಬೀಜ ಇದನ್ನು ತಾಳಿಕೊಳ್ಳುತ್ತದೆ. ಧೂಪದ ಮರ, ರಾಮಪತ್ರೆಯಂತಹ ನಿತ್ಯಹಸಿರು ಕಾಡಿನ ಮರಗಳ ಬೀಜ ಒಣಗಿದರೆ ಸಾಯುತ್ತದೆ. ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯದಿದ್ದರೆ ಅದು ಕೆಟ್ಟಂತೆಯೇ. ಅಂತಹ ಮರಗಳನ್ನು ಕಾಡಿನ ಹೊರಗೆ ಉಳಿಸಬೇಕೆಂದರೆ ಜೀವಂತ ಮರವಾಗಿಯೇ ಬೆಳೆಸಬೇಕು, ಅದಕ್ಕೆ ಉದ್ಯಾನ ಬೇಕು.

ಉತ್ತರ ಕನ್ನಡದ ಕತ್ತಲೆಕಾನಿನ ಹೆಸರನ್ನೇ ಹೊತ್ತ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ನೋಡಿ. ರಾಮಪತ್ರೆಯ ಜೌಗುಕಾಡಿನಲ್ಲಿ ಬೆಳೆಯುವ, ಭಲ್ಲಾತಕದ ಕುಲಕ್ಕೆ ಸೇರಿದ ಈ ಮರವನ್ನು ವಿಜ್ಞಾನಿಗಳು ಹೊಸ ಜಾತಿಯೆಂದು ವಿವರಿಸಿದ್ದು 2000ದಲ್ಲಿ, ಬಹಳ ತಡವಾಗಿ. ಇಂತಹ ಮರವನ್ನು ನಿಮ್ಮ ಉದ್ಯಾನದಲ್ಲಿ ಉಳಿಸುವುದಾದರೆ, ಒಂದು ತಾಯಿಮರದ ಬೀಜವನ್ನಷ್ಟೇ ತಂದರೆ ಸಾಲದು, ಸಿಕ್ಕಷ್ಟು ಬೇರೆ ಬೇರೆ ತಾಯಿಮರಗಳಿಂದ ಸ್ವಲ್ಪಸ್ವಲ್ಪ ತರಬೇಕು. ಯಾವ ಸಸಿ ಯಾವ ತಾಯಿಮರದ್ದೆಂದು ಬರೆದಿಡಬೇಕು. ಅದರ ಹತ್ತಿರದ ಸಂಬಂಧಿ ಜಾತಿಗಳನ್ನು ಪಕ್ಕದಲ್ಲಿ ನೆಡಬಾರದು, ಏಕೆಂದರೆ ಕಾಡಿನಲ್ಲಿ ಎಂದೂ ಭೇಟಿಯಾಗದ ಜಾತಿಗಳು ಉದ್ಯಾನದಲ್ಲಿ ಬೆರೆತು ಬೆರಕೆ ಬೀಜ ಕೊಡಬಹುದು. ಅಂತಹ ಬೀಜ ಕಾಡಿಗೆ ಮರಳಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಸ್ಥಳೀಯ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಕಾಯನ್ನೂ ತರಬಾರದೆಂಬುದನ್ನು ಹೇಳಬೇಕಾಗಿಲ್ಲ.

ಕೇಂಬ್ರಿಜ್‌ನ ಸಂಶೋಧಕರು ಜಗತ್ತಿನ ಸಸ್ಯೋದ್ಯಾನಗಳ ದಾಖಲೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಿಳಿದಿರುವ ಸಸ್ಯಜಾತಿಗಳಲ್ಲಿ ಕನಿಷ್ಠ ಶೇ. 30ರಷ್ಟು ಎಲ್ಲಾದರೊಂದು ಉದ್ಯಾನದಲ್ಲಿ ಬೆಳೆಯುತ್ತಿವೆ. ಆದರೆ ಉದ್ಯಾನಗಳ ಒಟ್ಟು ಸಾಮರ್ಥ್ಯದಲ್ಲಿ ಅಪಾಯದ ಅಂಚಿನಲ್ಲಿರುವ ಜಾತಿಗಳಿಗೆ ಮೀಸಲಾಗಿರುವುದು ಶೇ. 10 ಮಾತ್ರ. ಉದ್ಯಾನಗಳಲ್ಲಿ ಬೆಳೆಯುತ್ತಿರುವ ಜಾತಿಗಳ ಪಾಲು ಸಮಶೀತೋಷ್ಣ ವಲಯದ ಸಸ್ಯಗಳಿಗಿಂತ ಉಷ್ಣವಲಯದ ಸಸ್ಯಗಳಲ್ಲಿ ಕಡಿಮೆಯೆಂದೂ ಅದೇ ಅಧ್ಯಯನ ಹೇಳುತ್ತದೆ. ಉಷ್ಣವಲಯದ ಸಸ್ಯಗಳು ಬೆಳೆಯಲು ಗಾಜಿನ ಮನೆ ಬೇಡದ ನಾಡು ನಮ್ಮದು, ಆ ಕೆಲಸ ನಮ್ಮ ವಿಶ್ವವಿದ್ಯಾಲಯಗಳದೇ.

ಪ್ರಶ್ನೆ: ಸಾರ್ವಜನಿಕರನ್ನು ಒಳಗೆ ಬಿಡಬೇಕೆ? ವಾಯುವಿಹಾರಕ್ಕೆ ಬರುವವರು ಹೂ ಕೀಳುತ್ತಾರೆ, ಫಲಕ ಕೀಳುತ್ತಾರೆ.

ಉತ್ತರ: ಬಿಡಬೇಕು. ಪಾದುವಾದಲ್ಲಿಯೂ ಗಿಡಗಳ ಕಳ್ಳತನ ಹೆಚ್ಚಿದಾಗ ಸುತ್ತ ಗೋಡೆ ಕಟ್ಟಿದರೇ ಹೊರತು ಉದ್ಯಾನವನ್ನು ಮುಚ್ಚಲಿಲ್ಲ. ಅಪರೂಪದ ಸಸಿಗಳ ಮಡಿಗೆ ಬೇರೆ ಬೇಲಿ ಹಾಕಿ, ಉಳಿದ ಕಡೆ ಬೆಳಿಗ್ಗೆ ಸಂಜೆ ನಿಗದಿತ ವೇಳೆಗೆ ಬಾಗಿಲು ತೆರೆಯಿರಿ. ಫಲಕವನ್ನು ಕಾಂಡಕ್ಕೆ ಮೊಳೆ ಹೊಡೆದು ಕೂರಿಸಬೇಡಿ, ನೆಲದಲ್ಲಿ ಗೂಟಕ್ಕೆ ಹಾಕಿ. ಕನ್ನಡದ ಹೆಸರನ್ನು ಮೇಲೆ ದೊಡ್ಡದಾಗಿ ಬರೆಸಿ.

ಪ್ರಶ್ನೆ: ವಿದೇಶದ ಉದ್ಯಾನಗಳು ಬೀಜಗಳ ಪಟ್ಟಿ ಕಳುಹಿಸುತ್ತವೆ. ಬೇಕಾದ್ದನ್ನು ತರಿಸಿಕೊಂಡು ನಮ್ಮ ಸಂಗ್ರಹವನ್ನು ಹೆಚ್ಚಿಸಿಕೊಳ್ಳಬಹುದಲ್ಲವೆ?

ಉತ್ತರ: ಪ್ರತಿವರ್ಷ ಬೀಜಪಟ್ಟಿ ಅಚ್ಚುಮಾಡಿ ಒಬ್ಬರಿಗೊಬ್ಬರು ಬೀಜ ಹಂಚಿಕೊಳ್ಳುವುದು ಸಸ್ಯೋದ್ಯಾನಗಳ ಹಳೆಯ ಸಂಪ್ರದಾಯ. ಆ ಔದಾರ್ಯದಿಂದ ವಿಜ್ಞಾನಕ್ಕೆ ಬಹಳ ಲಾಭವಾಗಿದೆ. ಅದರ ಇನ್ನೊಂದು ಮುಖವನ್ನೂ ನಿರ್ದೇಶಕರಾದವರು ಅರಿತಿರಬೇಕು. ಇಟಲಿಯ ಸಿಸಿಲಿಯಿಂದ ಆಕ್ಸ್‌ಫರ್ಡ್‌ನ ಉದ್ಯಾನಕ್ಕೆ ಬಂದ ಹಳದಿ ಹೂವಿನ ಗಿಡವೊಂದು ಗೋಡೆ ದಾಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಹಳಿಗಳ ಜಲ್ಲಿಯನ್ನೇ ನೆಲೆಮಾಡಿಕೊಂಡು ಬ್ರಿಟನ್ನಿನ ಉದ್ದಗಲಕ್ಕೂ ಹಬ್ಬಿತು. ನಮ್ಮ ಅನುಭವ ಇದಕ್ಕಿಂತ ಕಹಿಯಾದದ್ದು. ಅಮೆರಿಕ ಖಂಡದ ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಇಂದು ಬಂಡೀಪುರದಲ್ಲಿ, ಮಲೆಮಹದೇಶ್ವರ ಬೆಟ್ಟದಲ್ಲಿ ಅದು ಹುಲ್ಲನ್ನೂ ಸಸಿಗಳನ್ನೂ ಮೇಲೇಳಗೊಡದೆ ಹರಡಿದೆ. ಸೋಲಿಗರು ಅದರ ಕೊಂಬೆಗಳಿಂದ ಪೀಠೋಪಕರಣ ಮಾಡುವುದನ್ನು ಕಲಿತಿದ್ದರೂ ಗಿಡದ ಹರವು ಕುಗ್ಗಿಲ್ಲ.

ಆದುದರಿಂದ ಪಟ್ಟಿಯನ್ನು ನೋಡುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಈ ಗಿಡ ನಮ್ಮ ಬೋಧನೆಗೋ ಸಂಶೋಧನೆಗೋ ಬೇಕೆ, ಮತ್ತು ಇದೇ ಹವೆಯಿರುವ ಬೇರೆ ನಾಡಿನಲ್ಲಿ ಇದು ಕಳೆಯಾಗಿ ಹರಡಿದೆಯೆ? ಎರಡನೆಯದಕ್ಕೆ ಹೌದೆಂಬ ಉತ್ತರ ಬಂದರೆ ತರಿಸಬೇಡಿ. ತರಿಸುವುದಾದರೆ ಆಮದು ಪರವಾನಗಿ, ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಇಲ್ಲಿಗೆ ಬಂದ ಮೇಲೆ ಸಸ್ಯ ಕ್ವಾರಂಟೈನ್ ತಪಾಸಣೆ ಇವೆಲ್ಲ ಆಗಬೇಕು. ಸ್ನೇಹಿತರ ಚೀಲದಲ್ಲಿ ಬರುವ ಬೀಜವನ್ನು, ಅವರೆಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಸ್ವೀಕರಿಸಬೇಡಿ. ನಮ್ಮ ಬೀಜ ಹೊರಗೆ ಹೋಗುವಾಗ 2002ರ ಜೈವಿಕ ವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ; ಪೆಟ್ಟಿಗೆ ಕಟ್ಟುವ ಮೊದಲೇ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವನ್ನು ವಿಚಾರಿಸಿ, ಅವರು ಕೊಟ್ಟ ಪತ್ರದ ಸಂಖ್ಯೆಯನ್ನು ಆ ಸಸ್ಯದ ನೋಂದಣಿಯ ಸಾಲಿನಲ್ಲಿಯೇ ಬರೆಯಿರಿ.