ಬೀಜದಿಂದ ಅಪರೂಪದ ಗಿಡಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಈ ಬಾರಿ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬಿತ್ತಿದ ಬೀಜ ಹುಟ್ಟದಿರುವುದರ ಕುರಿತಾಗಿವೆ. ಆದ್ದರಿಂದ ಅವನ್ನೇ ಇಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬಂಧುಗಳ ಮನೆಯಂಗಳದ ಸೀತಾ ಅಶೋಕದ ಬೀಜಗಳನ್ನು ಕಳೆದ ವರ್ಷ ತಂದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಡಬ್ಬಿಯಲ್ಲಿ ಇಟ್ಟಿದ್ದೆವು. ಈ ಜೂನ್‌ನಲ್ಲಿ ಬಿತ್ತಿದರೆ ಒಂದೂ ಹುಟ್ಟಲಿಲ್ಲ. ಇದು ಮಣ್ಣಿನ ದೋಷವೇ, ಗೊಬ್ಬರದ ಕೊರತೆಯೇ? – ಓದುಗರು, ಮೂಡಿಗೆರೆ

ಉತ್ತರ: ಎರಡೂ ಅಲ್ಲ. ನೀವು ಬಿತ್ತುವ ಮೊದಲೇ, ಬಹುಶಃ ಡಬ್ಬಿಗೆ ಹಾಕುವಾಗಲೇ ಆ ಬೀಜಗಳು ಜೀವ ಕಳೆದುಕೊಂಡಿದ್ದವು. ರಾಗಿ, ಅವರೆ, ತೊಗರಿಗಳನ್ನು ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಯಾವ ಬೀಜ ಕೈಗೆ ಸಿಕ್ಕರೂ ಮೊದಲು ಬಿಸಿಲಿಗೆ ಹರಡುತ್ತೇವೆ. ಆದರೆ ಎಲ್ಲ ಬೀಜಗಳೂ ಒಣಗುವುದನ್ನು ಸಹಿಸುವುದಿಲ್ಲ. ಬೀಜ ವಿಜ್ಞಾನಿ ಇ. ಎಚ್. ರಾಬರ್ಟ್ಸ್ ಅವರು 1973ರಲ್ಲಿ ಈ ಭೇದವನ್ನು ಸ್ಪಷ್ಟವಾಗಿ ಗುರುತಿಸಿ, ಒಣಗಿಸಿ ಕಾಪಿಡಬಹುದಾದವು ಮತ್ತು ಒಣಗಿದರೆ ಸಾಯುವವು ಎಂದು ಬೀಜಗಳನ್ನು ವಿಂಗಡಿಸಿದರು. ಮೊದಲನೆಯ ಬಗೆಯ ಬಾಳಿಕೆ ಬೆರಗು ಹುಟ್ಟಿಸುವಂಥದು: ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ ಸುಮಾರು 1,300 ವರ್ಷ ಹಳೆಯ ತಾವರೆ ಬೀಜವೂ ಮೊಳೆತದ್ದುಂಟು. ಎರಡನೆಯ ಬಗೆಯವು ಮಳೆಕಾಡಿನ ತೇವದಲ್ಲಿ ಉದುರಿದ ಕೂಡಲೇ ಬೇರು ಬಿಡುವುದಕ್ಕೆಂದೇ ಹೊಂದಿಕೊಂಡವು. ಅವುಗಳೊಳಗಿನ ನೀರು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಭ್ರೂಣ ಸಾಯುತ್ತದೆ, ಮತ್ತೆ ನೆನೆಸಿದರೂ ಬದುಕುವುದಿಲ್ಲ. ಸೀತಾ ಅಶೋಕ, ಹಲಸು, ಮಾವು ಈ ಎರಡನೆಯ ಗುಂಪಿನವು.

ನಿಮ್ಮ ಸೀಮೆಯಲ್ಲಿ ಇದರ ತಿಳಿವಳಿಕೆ ಹಳೆಯದೇ. ಕಾಫಿ ಬೀಜ ಪೂರ್ತಿಯಾಗಿ ಈ ಗುಂಪಿಗೆ ಸೇರದಿದ್ದರೂ, ಸಸಿಗೆಂದು ಆರಿಸಿದ ಬೀಜವನ್ನು ತೋಟದವರು ಕಣದಲ್ಲಿ ಸುಡುಬಿಸಿಲಿಗೆ ಹಾಕುವುದಿಲ್ಲ. ಬೂದಿ ಬೆರೆಸಿ ನೆರಳಿನಲ್ಲಿ ಆರಿಸಿ, ತಡಮಾಡದೆ ಮಡಿಗೆ ಹಾಕುತ್ತಾರೆ. ಅಶೋಕಕ್ಕೆ ಇದಕ್ಕಿಂತಲೂ ಹೆಚ್ಚಿನ ಅವಸರ ಬೇಕು. ಮುಂದಿನ ಸಲ ಮರದಡಿಯಲ್ಲಿ ಕಾಯಿ ಒಡೆದು ಬಿದ್ದ ಹೊಸ ಬೀಜಗಳನ್ನು ಆಯ್ದು, ಹುಳು ತಿಂದವನ್ನು ಬೇರ್ಪಡಿಸಿ, ಅದೇ ದಿನ ಅಥವಾ ಮರುದಿನ ಆಳವಾದ ಪಾಲಿಥಿನ್ ಚೀಲಗಳಲ್ಲಿ ಅಡ್ಡಲಾಗಿ ಇಟ್ಟು ತೆಳುವಾಗಿ ಮಣ್ಣು ಮುಚ್ಚಿರಿ. ದೂರದಿಂದ ತರಬೇಕಾದರೆ ತೇವವಿರುವ ತೆಂಗಿನ ನಾರಿನ ಪುಡಿಯಲ್ಲಿ, ಗಾಳಿಯಾಡುವ ಚೀಲದಲ್ಲಿ ತನ್ನಿರಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಏಕೆಂದರೆ ಉಷ್ಣವಲಯದ ಇಂಥ ಬೀಜಗಳಿಗೆ ಒಣಗುವುದರಷ್ಟೇ ಶೀತವೂ ಅಪಾಯ. ಸಂಪಿಗೆಯ ಬೀಜವನ್ನೂ ತಾಜಾ ಇರುವಾಗಲೇ ಬಿತ್ತಬೇಕು. ಅದರ ಮೇಲಿನ ಕೆಂಪು ತಿರುಳನ್ನು ನೀರಿನಲ್ಲಿ ಉಜ್ಜಿ ಸಂಪೂರ್ಣವಾಗಿ ತೆಗೆಯುವುದನ್ನು ಮರೆಯಬಾರದು.

ಪ್ರಶ್ನೆ: ಬೇಲಿಯಲ್ಲಿ ಹಬ್ಬಿದ್ದ ಅಗ್ನಿಶಿಖೆಯ ಕೆಂಪು ಬೀಜಗಳನ್ನು ಬಿತ್ತಿ ಎರಡು ತಿಂಗಳಾದರೂ ಏನೂ ಕಾಣುತ್ತಿಲ್ಲ. ಕುಂಡದ ಮಣ್ಣನ್ನು ಸುರಿದುಬಿಡಲೇ? – ಓದುಗರು, ಅರಸೀಕೆರೆ

ಉತ್ತರ: ದಯವಿಟ್ಟು ಸುರಿಯಬೇಡಿ. ಕೆಲವೆಡೆ ಗೌರಿ ಹೂ ಎಂದೂ ಕರೆಯುವ ಈ ಬಳ್ಳಿಯ ಬೀಜ ಅಶೋಕಕ್ಕೆ ತೀರ ವಿರುದ್ಧ ಸ್ವಭಾವದ್ದು. ಜೀವವಿದ್ದೂ ತಿಂಗಳುಗಟ್ಟಲೆ ಸುಪ್ತವಾಗಿರುತ್ತದೆ, ಹುಟ್ಟುವಾಗಲೂ ಎಲ್ಲವೂ ಒಟ್ಟಿಗೆ ಹುಟ್ಟದೆ ಇಂದೊಂದು, ತಿಂಗಳು ಬಿಟ್ಟು ಇನ್ನೊಂದು ಎಂಬಂತೆ ಮೇಲೇಳುತ್ತದೆ. ಮಣ್ಣು ಹದವಾದ ತೇವದಲ್ಲಿರಲಿ, ಕುಂಡದ ಮೇಲೆ ಬಿತ್ತಿದ ತಾರೀಖು ಬರೆದಿಡಿ, ಕನಿಷ್ಠ ಮುಂದಿನ ಮುಂಗಾರಿನವರೆಗೆ ಕಾಯಿರಿ. ಮೊದಲ ವರ್ಷದ ಸಸಿ ಬಹಳ ಸಣ್ಣದಾಗಿದ್ದು, ಮಳೆ ಮುಗಿದ ಮೇಲೆ ಒಣಗಿಹೋಗುತ್ತದೆ. ಅದು ಸತ್ತಿತೆಂದು ಭಾವಿಸಿ ಕಿತ್ತುಹಾಕುವವರೇ ಹೆಚ್ಚು. ಆದರೆ ಮಣ್ಣಿನಡಿಯಲ್ಲಿ ಪುಟ್ಟ ಗೆಡ್ಡೆ ಉಳಿದಿರುತ್ತದೆ, ಅದು ಬಲಿತು ಹೂ ಬಿಡುವುದಕ್ಕೆ ಎರಡು ಮೂರು ವರ್ಷಗಳೇ ಬೇಕಾಗಬಹುದು. ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ: ಗಿಡದ ಎಲ್ಲ ಭಾಗಗಳಲ್ಲಿಯೂ, ಮುಖ್ಯವಾಗಿ ಗೆಡ್ಡೆ ಮತ್ತು ಬೀಜಗಳಲ್ಲಿ, ಕಾಲ್ಚಿಸಿನ್ ಎಂಬ ಪ್ರಾಣಾಪಾಯಕಾರಿ ವಿಷವಿದೆ. ಮಕ್ಕಳಿಗೂ ದನಕರುಗಳಿಗೂ ಎಟುಕದಂತೆ ಬೆಳೆಸಿರಿ, ಗೆಡ್ಡೆಯನ್ನು ಅಡುಗೆಯ ಗೆಣಸು ಗೆಡ್ಡೆಗಳ ಹತ್ತಿರವೂ ಇಡಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಬಿತ್ತಿದ ಹೂಗಿಡಗಳ ಸಸಿಗಳು ಚೆನ್ನಾಗಿ ಹುಟ್ಟಿದ ಮೇಲೆ ಬುಡದಲ್ಲಿ ಬಾಗಿ ಬಿದ್ದು ಕೊಳೆಯುತ್ತವೆ. – ಓದುಗರು, ಕೊಪ್ಪ

ಉತ್ತರ: ಇದು ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ ರೋಗಾಣುಗಳಿಂದ ಬರುವ ಸಸಿ ಕೊಳೆ. ಬಿದ್ದ ಸಸಿಗೆ ಔಷಧವಿಲ್ಲ. ನಿಮ್ಮಲ್ಲಿಯ ಮಳೆಗೆ ತೆರೆದ ಜಾಗದಲ್ಲಿ ಬಿತ್ತುವುದನ್ನು ಬಿಟ್ಟು, ಸೂರಿನಡಿಯಲ್ಲಿ ಬೆಳಕು ಮತ್ತು ಗಾಳಿ ಎರಡೂ ಇರುವಲ್ಲಿ ಟ್ರೇ ಇಡಿ. ಮರಳು ಹೆಚ್ಚಿರುವ ಹೊಸ ಮಿಶ್ರಣ ಬಳಸಿ, ಹಸಿ ಸಗಣಿ ಗೊಬ್ಬರ ಸೇರಿಸದೆ, ಬೀಜಗಳನ್ನು ವಿರಳವಾಗಿ ಹಾಕಿ, ಟ್ರೇಯನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತಿಟ್ಟು ಕೆಳಗಿನಿಂದ ನೀರು ಹೀರಿಸಿರಿ.

ಪ್ರಶ್ನೆ: ಅಂತರ್ಜಾಲದಲ್ಲಿ ನೀಲಿ ಗುಲಾಬಿಯ ಬೀಜ ಮಾರಾಟಕ್ಕಿದೆ. ವಿದೇಶದಿಂದ ಬರುತ್ತದಂತೆ. ತರಿಸಬಹುದೇ? – ಓದುಗರು, ಹಾಸನ

ಉತ್ತರ: ತರಿಸಬೇಡಿ. ಗುಲಾಬಿಗೆ ನೀಲಿಯ ವರ್ಣದ್ರವ್ಯವನ್ನು ತಾನಾಗಿ ತಯಾರಿಸುವ ಶಕ್ತಿಯಿಲ್ಲ. ಜಪಾನಿನ ಸಂಟೋರಿ ಸಂಸ್ಥೆಯು ಬೇರೆ ಹೂವಿನ ವಂಶವಾಹಿಯನ್ನು ಸೇರಿಸಿ 2004ರಲ್ಲಿ ಪ್ರಕಟಿಸಿದ, 2009ರಲ್ಲಿ ಮಾರುಕಟ್ಟೆಗೆ ತಂದ ಹೂವೂ ನೇರಳೆ ಛಾಯೆಯದೇ. ಅದಲ್ಲದೆ, ಹೆಸರಾಂತ ಗುಲಾಬಿ ತಳಿಗಳನ್ನು ಕಣ್ಣು ಕಸಿಯಿಂದಲೋ ಕಡ್ಡಿಯಿಂದಲೋ ವೃದ್ಧಿಪಡಿಸುತ್ತಾರೆ. ಬೀಜದಿಂದ ಹುಟ್ಟಿದ್ದು ತಾಯಿಯಂತೆಯೇ ಇರುವುದಿಲ್ಲ. ವಿದೇಶಿ ಬೀಜಕ್ಕೆ ಹೊರಗಿನ ರೋಗ, ಕೀಟಗಳು ಬರದಂತೆ ತಡೆಯುವ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಆಮದು ಪರವಾನಗಿಯೂ, ಕಳುಹಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಈ ನಿಯಮವನ್ನು ಕಿರುಕುಳವೆಂದು ತಿಳಿಯಬಾರದು: ಇಂದು ನಮ್ಮ ಕಾಡುಗಳ ಅಂಚನ್ನು ನುಂಗಿರುವ ಲಂಟಾನವೂ ಒಂದು ಕಾಲಕ್ಕೆ ಅಂದದ ಹೂಗಿಡವಾಗಿಯೇ ಬಂದದ್ದು. ಬೀಜದಿಂದ ಗುಲಾಬಿ ಎಬ್ಬಿಸುವ ಆಸೆ ನಿಮಗಿದ್ದರೆ ನಿಮ್ಮ ಗಿಡದಲ್ಲಿಯೇ ಬಲಿತ ಕಾಯಿಯನ್ನು ಬಿಡಿಸಿ, ಬೀಜಗಳನ್ನು ತೇವದ ಮರಳಿನಲ್ಲಿ ಬೆರೆಸಿ ಆರೇಳು ವಾರ ಫ್ರಿಜ್ಜಿನಲ್ಲಿಟ್ಟು ಬಿತ್ತಿರಿ. ಗುಲಾಬಿ ಚಳಿ ನಾಡಿನ ಮೂಲದ್ದಾದ್ದರಿಂದ ಅದಕ್ಕೆ ಈ ಶೀತ ಬೇಕು. ಬರುವ ಹೂ ಯಾವ ಬಣ್ಣದ್ದಾದರೂ ಅದು ಬೇರೆಲ್ಲಿಯೂ ಇಲ್ಲದ, ನಿಮ್ಮದೇ ಗಿಡವಾಗಿರುತ್ತದೆ.

ಪ್ರಶ್ನೆ: ತೋಟದ ಹಲಸಿನ ಮರದಲ್ಲಿರುವ ಸೀತಾಳೆ ದಂಡೆ ಕಾಯಿ ಕಟ್ಟಿದೆ. ಬೀಜದಿಂದ ಬೆಳೆಸುವುದು ಹೇಗೆ? – ಓದುಗರು, ಸಕಲೇಶಪುರ

ಉತ್ತರ: ಸೀತಾಳೆ ದಂಡೆ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್. ಅದರ ಒಂದೊಂದು ಕಾಯಿಯಲ್ಲಿಯೂ ಸಾವಿರಾರು ಬೀಜಗಳಿರುತ್ತವೆ, ಆದರೆ ಧೂಳಿನಷ್ಟು ಸಣ್ಣದಾದ ಆ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ದಾಸ್ತಾನೇ ಇಲ್ಲ. ಆರ್ಕಿಡ್ ಬೀಜಕ್ಕೆ ಒಂದು ಬಗೆಯ ಶಿಲೀಂಧ್ರ ಉಣಿಸಿದರಷ್ಟೇ ಅದು ಮೊಳೆಯುತ್ತದೆಂದು ಫ್ರಾನ್ಸಿನ ನೋಯೆಲ್ ಬರ್ನಾರ್ಡ್ 1899ರಲ್ಲಿ ಕಂಡುಕೊಂಡರು. ಶಿಲೀಂಧ್ರದ ಬದಲು ಸಕ್ಕರೆ ಸೇರಿಸಿದ ಅಗಾರ್ (ಕಡಲ ಪಾಚಿಯಿಂದ ತೆಗೆದ ಲೋಳೆಯಂಥ ವಸ್ತು) ಮಾಧ್ಯಮವೂ ಸಾಕೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ ನಂತರವೇ ಪ್ರಯೋಗಾಲಯಗಳಲ್ಲಿ ಆರ್ಕಿಡ್ ಸಸಿಗಳ ಉತ್ಪಾದನೆ ಸುಲಭವಾಯಿತು. ಕುಂಡದ ಮಣ್ಣಿಗೆ ಉದುರಿಸಿದರೆ ಫಲವಿಲ್ಲ. ಕಾಯಿ ಬಿರಿಯುವ ಹೊತ್ತಿಗೆ ಬೀಜದ ಪುಡಿಯನ್ನು ತಾಯಿಗಿಡ ಕೂತಿರುವ ಅದೇ ಕೊಂಬೆಯ, ಪಾಚಿ ಹಿಡಿದ ಒರಟು ತೊಗಟೆಯ ಮೇಲೆ ಹಚ್ಚಬಹುದು, ಏಕೆಂದರೆ ಬೇಕಾದ ಶಿಲೀಂಧ್ರ ಅಲ್ಲಿಯೇ ಇರುವ ಸಂಭವ ಹೆಚ್ಚು. ಹುಟ್ಟಿದರೂ ಹೂ ಕಾಣುವುದಕ್ಕೆ ಹಲವು ವರ್ಷ ಹಿಡಿಯುತ್ತದೆ. ಈ ಗಿಡ ನಿಮ್ಮ ತೋಟದಲ್ಲಿ ಹೆಚ್ಚಬೇಕೆಂದಿದ್ದರೆ, ಮರಗಸಿ ಮಾಡುವಾಗ, ಎಂದರೆ ತೋಟದ ನೆರಳಿನ ಮರಗಳ ಕೊಂಬೆ ಕಡಿಯುವಾಗ, ಕೊಂಬೆಯೊಂದಿಗೆ ನೆಲಕ್ಕೆ ಬೀಳುವ ಸೀತಾಳೆಗಳನ್ನು ಒಣಗಲು ಬಿಡದೆ ಎತ್ತಿ, ಉಳಿಯುವ ಮರಗಳ ಕವಲುಗಳಿಗೆ ತೆಂಗಿನ ನಾರಿನಿಂದ ಕಟ್ಟಿಸಿರಿ. ಬೇರು ತೊಗಟೆಯನ್ನು ಹಿಡಿಯುವವರೆಗೆ ಕಟ್ಟು ಬಿಚ್ಚಬಾರದೆಂದು ಕೆಲಸದವರಿಗೂ ತಿಳಿಸಿರಿ.