ಗೇಟಿನ ಬಳಿ ನಿಂತಿರುವ ಪ್ರತಿವಾದಿ

ಪ್ರಶ್ನೆ: ನಾನು ಬೆಂಗಳೂರಿನ ಮರಿಯಣ್ಣನಪಾಳ್ಯದ ನಿವಾಸಿ, ಕಥೋಲಿಕ ಕ್ರೈಸ್ತ, ನಿವೃತ್ತ ಬ್ಯಾಂಕ್ ಉದ್ಯೋಗಿ. ಎರಡಡಿ ಅಗಲದ ಓಣಿಯ ವಿಚಾರವಾಗಿ ಪಕ್ಕದ ಮನೆಯವರ ಮೇಲೆ ನಾನು ಹೂಡಿದ ಸಿವಿಲ್ ದಾವೆ ಹಲವು ವರ್ಷಗಳಿಂದ ನಡೆಯುತ್ತಿದೆ, ಅಂದಿನಿಂದ ಮಾತುಕತೆಯಿಲ್ಲ. ಈಗ ಆ ಮನೆಯ ಯಜಮಾನರಿಗೆ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗುತ್ತಿದೆ. ಮಗ ವಿದೇಶದಲ್ಲಿದ್ದಾನೆ. ಚರ್ಚಿನಲ್ಲಿ ಬೆಳಗಿನ ಆರು ಗಂಟೆಯ ಬಲಿಪೂಜೆಗೆಂದು (ಮಾಸ್) ನಾನು ಕಾರು ತೆಗೆಯುವಾಗ ಗಂಡಹೆಂಡತಿ ಗೇಟಿನ ಬಳಿ ಆಟೊಗೆ ಕಾಯುತ್ತ ನಿಂತಿರುತ್ತಾರೆ. ಮನಸ್ಸಿನಲ್ಲಿ ಅವರನ್ನು ಕ್ಷಮಿಸಿದ್ದೇನೆ, ಅವರಿಗಾಗಿ ಜಪಸರ ಪ್ರಾರ್ಥನೆಯನ್ನೂ ಮಾಡುತ್ತೇನೆ. ಆದರೂ ಅವರನ್ನು ಕಂಡರೆ ಒಳಗೆ ಸಿಟ್ಟು ಕುದಿಯುತ್ತದೆ. ಸಹಾಯ ಮಾಡಿದರೆ ಕೇಸು ದುರ್ಬಲವಾಗುತ್ತದೆ ಎನ್ನುತ್ತಾನೆ ಮಗ. ಮಾಡಲೇಬೇಕು ಎನ್ನುತ್ತಾಳೆ ಮಗಳು. ಮಾಡಿದರೆ ಬಲಿಪೂಜೆ ತಪ್ಪುತ್ತದೆ. ದೇವರನ್ನು ಪ್ರೀತಿಸಿದರೆ ಸಾಲದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಬೈಬಲಿನಲ್ಲಿ ಮಾರ್ಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರಿಯೊಬ್ಬನು ಎಲ್ಲಕ್ಕಿಂತ ಮುಖ್ಯವಾದ ಆಜ್ಞೆ ಯಾವುದೆಂದು ಕೇಳುತ್ತಾನೆ. ಅವನು ಕೇಳಿದ್ದು ಒಂದು ಆಜ್ಞೆಯನ್ನು. ಯೇಸುಸ್ವಾಮಿ ಕೊಟ್ಟದ್ದು ಎರಡನ್ನು. ಪೂರ್ಣ ಹೃದಯದಿಂದ ದೇವರನ್ನು ಪ್ರೀತಿಸಬೇಕೆಂಬ, ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ ಮಾತಿಗೆ, ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸಬೇಕೆಂಬ ಯಾಜಕಕಾಂಡದ ಮಾತನ್ನು ಅವರೇ ಜೋಡಿಸಿದರು. ಆದ್ದರಿಂದ ದೇವರನ್ನು ಪ್ರೀತಿಸಿದರೆ ಸಾಕು ಎಂದು ಮೊದಲನೆಯದನ್ನು ಮಾತ್ರ ಇಟ್ಟುಕೊಳ್ಳುವ ಅನುಕೂಲ ನಮಗೆ ಉಳಿದಿಲ್ಲ.

ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಸಿಟ್ಟು ಮತ್ತು ಕೇಸು ಎಂದು ನನಗನಿಸುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯವನ್ನು ಒಮ್ಮೆ ಪೂರ್ತಿಯಾಗಿ ಓದಿ ನೋಡಿ. ನೆರೆಯವನನ್ನು ಪ್ರೀತಿಸು ಎಂಬ ಆ ಪ್ರಸಿದ್ಧ ವಾಕ್ಯ ಅಲ್ಲಿ ಒಂಟಿಯಾಗಿ ನಿಂತಿಲ್ಲ. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು, ಕುರುಡನ ದಾರಿಯಲ್ಲಿ ಅಡ್ಡಿ ಇಡಬಾರದು, ತೀರ್ಪು ಕೊಡುವಾಗ ಬಡವನೆಂದು ಪಕ್ಷಪಾತ ಮಾಡಬಾರದು, ದೊಡ್ಡವನೆಂದು ಮುಖ ನೋಡಬಾರದು, ಹೊಲ ಕೊಯ್ಯುವಾಗ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು ಎಂಬಂಥ ಕಟ್ಟಳೆಗಳ ನಡುವೆ ಅದು ಬರುತ್ತದೆ. ಅದಕ್ಕೆ ತೀರಾ ಹಿಂದಿನ ವಾಕ್ಯವಂತೂ ನೆರೆಯವನ ತಪ್ಪನ್ನು ಅವನ ಮುಂದೆಯೇ ನೇರವಾಗಿ ಹೇಳೆಂದು ಅಪ್ಪಣೆ ಕೊಡುತ್ತದೆ. ಅಂದರೆ ನ್ಯಾಯ ಕೇಳುವುದೂ ಪ್ರೀತಿಯೂ ಒಂದೇ ಅಂಗಳದಲ್ಲಿ ಇರಬಲ್ಲವು. ವಿಮೋಚನಕಾಂಡದ 23ನೆಯ ಅಧ್ಯಾಯ ಇನ್ನೂ ಸ್ಪಷ್ಟ: ನಿನ್ನನ್ನು ದ್ವೇಷಿಸುವವನ ಕತ್ತೆ ಹೊರೆಯಡಿ ಬಿದ್ದಿರುವುದನ್ನು ಕಂಡರೆ, ಹಾಗೆಯೇ ಬಿಟ್ಟು ಹೋಗದೆ ಅವನ ಜೊತೆ ಸೇರಿ ಎತ್ತಬೇಕು. ಜಗಳ ತೀರಿದ ಮೇಲೆ ಎತ್ತು ಎಂದಾಗಲಿ, ಮನಸ್ಸಿನಲ್ಲಿ ಕೋಪ ಆರಿದ ಮೇಲೆ ಎತ್ತು ಎಂದಾಗಲಿ ಆ ವಾಕ್ಯ ಹೇಳುವುದಿಲ್ಲ.

ಈ ವಿಚಾರದಲ್ಲಿ 13ನೆಯ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರ ವಿವೇಚನೆ ನನಗೆ ಬಹಳ ಮಾನವೀಯವಾಗಿ ಕಾಣುತ್ತದೆ. ಶತ್ರುವಿನೊಂದಿಗೆ ವಿಶೇಷ ಸ್ನೇಹ ಬೆಳೆಸಬೇಕೆಂಬುದು ಎಲ್ಲರಿಗೂ ಕಡ್ಡಾಯವಲ್ಲ. ಆದರೆ ನಮ್ಮ ಸಾಮಾನ್ಯ ಪ್ರಾರ್ಥನೆಯಿಂದ ಅವನನ್ನು ಹೊರಗಿಡಬಾರದು, ಅವನಿಗೆ ಅಗತ್ಯ ಬಿದ್ದಾಗ ಕೈಚಾಚಲು ಸಿದ್ಧರಿರಬೇಕು ಎಂದು ಅವರು ಬರೆಯುತ್ತಾರೆ. ಪ್ರಾರ್ಥನೆಯ ಮಟ್ಟಿಗೆ ನೀವು ಕರ್ತವ್ಯ ಮಾಡಿದ್ದೀರಿ, ಅದು ಸಣ್ಣ ಮಾತಲ್ಲ. ಉಳಿದಿರುವುದು ಅಗತ್ಯ ಬಿದ್ದಾಗಿನ ಮಾತು, ಆ ಅಗತ್ಯ ಈಗ ವಾರಕ್ಕೆ ಮೂರು ಸಲ ನಿಮ್ಮ ಕಾರಿನ ದೀಪದ ಬೆಳಕಿನಲ್ಲೇ ನಿಂತಿರುತ್ತದೆ. ಮನಸ್ಸಿನಲ್ಲಿ ಕ್ಷಮಿಸಿದ್ದೇನೆ ಎಂಬುದನ್ನು ನಾನು ನಂಬುತ್ತೇನೆ. ಆದರೆ ಆಟೊದವನು ಬುಕಿಂಗ್ ರದ್ದು ಮಾಡಿದಾಗ ಮೊಬೈಲ್ ಹಿಡಿದು ಮತ್ತೆ ಒತ್ತುತ್ತಿರುವ ಆ ತಾಯಿಗೆ ನಿಮ್ಮ ಕ್ಷಮೆ ಇನ್ನೂ ತಲುಪಿಲ್ಲ.

ಬಲಿಪೂಜೆಯ ಬಗೆಗಿನ ನಿಮ್ಮ ಅಳುಕನ್ನು ಗೌರವಿಸುತ್ತೇನೆ. ಭಾನುವಾರದ ಬಲಿಪೂಜೆ ಕಡ್ಡಾಯ. ವಾರದ ದಿನಗಳದ್ದು ಭಕ್ತಿಯಿಂದ ಕೈಗೊಳ್ಳುವಂಥದ್ದು. 1633ರಲ್ಲಿ ಲೂಯಿಸ್ ಡಿ ಮಾರಿಯಾಕ್ ಅವರೊಡನೆ ಸೇವಾ ಭಗಿನಿಯರ ಸಂಘವನ್ನು ಸ್ಥಾಪಿಸಿದ ಸಂತ ವಿನ್ಸೆಂಟ್ ಡಿ ಪಾಲರು, ಪ್ರಾರ್ಥನೆಯ ವೇಳೆಯಲ್ಲಿ ಬಡರೋಗಿಯ ಕರೆ ಬಂದರೆ ಎದ್ದು ಹೋಗಿ, ಅದು ದೇವರಿಗಾಗಿ ದೇವರನ್ನು ಬಿಟ್ಟು ಹೋದಂತೆ ಎಂದು ತಮ್ಮ ಭಗಿನಿಯರಿಗೆ ಹೇಳುತ್ತಿದ್ದರು. ಅವಿಲಾದ ಸಂತ ತೆರೇಸಾ 1577ರಲ್ಲಿ ಬರೆದ ಗ್ರಂಥದಲ್ಲಿ ಇದೇ ವಿಚಾರವನ್ನು ಬೇರೊಂದು ಕಡೆಯಿಂದ ನೋಡುತ್ತಾರೆ: ನಾವು ದೇವರನ್ನು ಪ್ರೀತಿಸುತ್ತಿದ್ದೇವೆಯೇ ಎಂಬುದನ್ನು ಖಚಿತವಾಗಿ ತಿಳಿಯಲಾರೆವು, ನೆರೆಯವರನ್ನು ಪ್ರೀತಿಸುತ್ತಿದ್ದೇವೆಯೇ ಎಂಬುದನ್ನು ಮಾತ್ರ ತಿಳಿಯಬಹುದು. ಪ್ರಾರ್ಥನೆಗೆ ಬಾಳನ್ನು ಮುಡಿಪಾಗಿಟ್ಟಿದ್ದ ಸನ್ಯಾಸಿನಿಯೊಬ್ಬರು ಈ ಮಾತು ಹೇಳಿದರೆಂಬುದಕ್ಕೆ ಬಹಳ ತೂಕವಿದೆ. ವಾರದಲ್ಲಿ ಆ ಮೂರು ದಿನ ನೀವು ಸಂಜೆಯ ಬಲಿಪೂಜೆಗೆ ಹೋಗಬಹುದು. ಸಂಜೆ ಪೂಜೆ ಇಲ್ಲದ ದಿನ ಮನೆಯಲ್ಲೇ ಅಂದಿನ ಶುಭಸಂದೇಶವನ್ನು ಓದಿಕೊಳ್ಳಿ. ಪ್ರಾರ್ಥನೆಯನ್ನು ಪೂರ್ತಿ ಬಿಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಈ ಕೆಲಸವನ್ನು ತಿಂಗಳುಗಟ್ಟಲೆ ನಡೆಸಲು ನಿಮಗೆ ಅದು ಬೇಕಾಗುತ್ತದೆ.

ಮಗನ ಆತಂಕಕ್ಕೂ ಉತ್ತರ ಹೇಳಬೇಕು. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ದ ಮಾತ್ರಕ್ಕೆ ಓಣಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗದು. ಸಂದೇಹವಿದ್ದರೆ ನಿಮ್ಮ ವಕೀಲರನ್ನು ಕೇಳಿ. ಒಂದು ಎಚ್ಚರಿಕೆ ನನ್ನದೂ ಇದೆ. ಕಾರಿನಲ್ಲಿ ಓಣಿಯ ಮಾತು ಎತ್ತಬೇಡಿ. ದುರ್ಬಲಗೊಂಡವರಿಂದ ರಾಜಿಗೆ ಒಪ್ಪಿಗೆ ಪಡೆಯಲೆಂದು ಮಾಡುವ ಸಹಾಯ, ಎಷ್ಟೇ ನಯವಾಗಿದ್ದರೂ, ವ್ಯಾಪಾರವೇ.

ಮೊದಲು ಮಗಳೊಂದಿಗೆ ಅವರ ಮನೆಗೆ ಹೋಗಿ ಆ ತಾಯಿಯೊಡನೆ ಮಾತಾಡಿ, ಬೆಳಿಗ್ಗೆ ಬಿಟ್ಟುಬರುತ್ತೇನೆಂದು ತಿಳಿಸಿ. ಡಯಾಲಿಸಿಸ್ ಸಾಮಾನ್ಯವಾಗಿ ನಾಲ್ಕು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ನೀವು ಕಾಯಬೇಕಿಲ್ಲ. ಆದರೆ ಮುಗಿದ ಮೇಲೆ ರಕ್ತದೊತ್ತಡ ಇಳಿದು ತಲೆ ಸುತ್ತುವುದುಂಟು, ಹಲವರಿಗೆ ಹೋಗುವುದಕ್ಕಿಂತ ಮರಳುವುದೇ ಕಷ್ಟ. ಮರಳಿ ಕರೆತರುವ ಏರ್ಪಾಡು ಏನೆಂದು ಕೇಳಿ. ಸಿಟ್ಟು ಕುದಿಯುತ್ತಿದ್ದರೆ ಕುದಿಯಲಿ, ಅದನ್ನು ಪಾಪನಿವೇದನೆಯಲ್ಲಿ ಚರ್ಚಿನ ಸ್ವಾಮಿಗಳ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿ. ಪಕ್ಕದ ಮನೆಯವರು ನಿಮ್ಮ ಸಹಾಯ ಬೇಡವೆಂದರೆ ಒತ್ತಾಯಿಸದೆ, ರಾತ್ರಿ ಎಷ್ಟು ಹೊತ್ತಿಗಾದರೂ ಕರೆಯಿರೆಂದು ಮೊಬೈಲ್ ಸಂಖ್ಯೆ ಕೊಟ್ಟು ಬನ್ನಿ. ಮೊಕದ್ದಮೆಯ ಮಟ್ಟಿಗೆ, ಅವರ ಆರೋಗ್ಯ ಸ್ವಲ್ಪ ಸುಧಾರಿಸಿದ ಮೇಲೆ, 2007ರಿಂದ ಕೆಲಸ ಮಾಡುತ್ತಿರುವ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಪ್ರಕರಣವನ್ನು ಕಳುಹಿಸುವಂತೆ ಎರಡೂ ಕಡೆಯ ವಕೀಲರು ನ್ಯಾಯಾಲಯವನ್ನು ಕೋರಬಹುದು.