ಏನಾದ್ರೂ ಆದ್ಮೇಲೆ ಜನ ಯಾಕೆ ಒಂದೇ ಕಾರಣ ಹಿಡ್ಕೊಂಡು ಕಥೆ ಕಟ್ತಾರೆ?

2018ರಲ್ಲಿ ಕೊಡಗಿನಲ್ಲಿ ಆದ ಭೂಕುಸಿತಕ್ಕೆ ಹೋಂಸ್ಟೇಗಳೇ ಕಾರಣ ಅಂತ ನಿಮ್ಮ ಮಾವ ಹಟ ಹಿಡಿದಿದ್ದಾರೆ, ಕಥೆ ಬಿಟ್ಟು ಬರೀ ಫ್ಯಾಕ್ಟ್ ಮೇಲೆ ಯೋಚಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ನಿಮ್ಮ ಮಾವನ ಥರಾನೇ ಇದ್ದೆ, ವಿಷಯ ಮಾತ್ರ ಕರಿಮೆಣಸು.

ವಿರಾಜಪೇಟೆ ಹತ್ರ ನಮ್ಮದು ರೊಬಸ್ಟಾ ಕಾಫಿ ತೋಟ, ನೆರಳಿನ ಮರಗಳಾದ ಹಾಲವಾಣ, ಸಿಲ್ವರ್ ಓಕ್ ಮೇಲೆಲ್ಲ ಮೆಣಸಿನ ಬಳ್ಳಿ. ಒಂದು ಆಗಸ್ಟಲ್ಲಿ ಎಲೆ ಕಪ್ಪಾಗಿ ಉದುರೋಕೆ ಶುರುವಾಯ್ತು, ಬಳ್ಳಿ ಗೆಣ್ಣು ಗೆಣ್ಣೇ ಕಳಚಿ ಬಿತ್ತು. ಅದೇ ವರ್ಷ ಪಕ್ಕದ ತೋಟದವರು ಎಲ್ಲಿಂದಲೋ ಹೊಸ ಬಳ್ಳಿ ತಂದು ನೆಟ್ಟಿದ್ರು. ಇನ್ನೇನು ಬೇಕು! ರೋಗ ತಂದವರೇ ಅವರು ಅಂತ ತೀರ್ಮಾನ ಆಯ್ತು, ಮಾತು ಬಿಟ್ಟಿದ್ದೂ ಆಯ್ತು.

ಆ ಕಥೆ ನಿಜ ಆಗಿದ್ರೆ ಬೇಲಿ ಪಕ್ಕದ ಬಳ್ಳಿ ಮೊದಲು ಸಾಯ್ಬೇಕಿತ್ತು. ಅವು ಹಸಿರಾಗೇ ಇದ್ವು. ಸತ್ತಿದ್ದೆಲ್ಲ ಗದ್ದೆ ಕಡೆ ತಗ್ಗಿನಲ್ಲಿ, ಬಸಿಗಾಲುವೆ ಮುಚ್ಚಿ ಬುಡದಲ್ಲಿ ನೀರು ನಿಂತ ಜಾಗದಲ್ಲಿ. ಮೆಣಸಿಗೆ ಸೊರಗು ರೋಗ ತರೋ ಫೈಟಾಫ್ಥೋರಾ ಅನ್ನೋ ರೋಗಾಣುಗೆ ಅದೇ ಬೇಕಾಗಿದ್ದು, ಅದರ ಬೀಜಕಣ ನೀರಲ್ಲಿ ಈಜ್ಕೊಂಡೇ ಬೇರಿಗೆ ಬರುತ್ತೆ. ಇದು ನನಗೆ ಕಾಣ್ಲಿಲ್ಲ ಅಂತಲ್ಲ, ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋ ರೈಟರ್ ಕರ್ಕೊಂಡೋಗಿ ತೋರಿಸಿದ್ದ, ಆದ್ರೆ ಬೇಲಿ ಬಳ್ಳಿ ಉಳಿದಿದ್ದಕ್ಕೆ 'ಅದು ಹಳೇ ಬಳ್ಳಿ, ಗಟ್ಟಿ' ಅಂದೆ, ತಗ್ಗಿನದಕ್ಕೆ 'ಅವರ ತೋಟದ ನೀರು ಹರಿದು ಬಂದಿರುತ್ತೆ' ಅಂದೆ, ಹೀಗೆ ಎದುರು ಸಾಕ್ಷಿ ಬಂದಷ್ಟೂ ಕಥೆ ಬಲಿತಾ ಹೋಯ್ತು. ದುಡ್ಡೆಲ್ಲ ಬೇಲಿ ಉದ್ದಕ್ಕೂ ಟ್ರೆಂಚ್ ತೆಗೆಸೋಕೆ ಸುರಿದೆ, ಕಾಲುವೆ ಹಾಗೇ ಬಿಟ್ಟೆ, ಮುಂದಿನ ಮಳೆಗೆ ತಗ್ಗಿನಲ್ಲಿ ಉಳಿದಿದ್ದೂ ಹೋಯ್ತು.

ಅದಕ್ಕೇ ಹೇಳ್ತೀನಿ, ಕಥೆ ಬಿಟ್ಟು ಯೋಚಿಸೋದು ಅನ್ನೋದೇ ಆಗದ ಮಾತು. 1944ರಲ್ಲಿ ಹೈಡರ್, ಸಿಮೆಲ್ ಅನ್ನೋ ಮನಃಶಾಸ್ತ್ರಜ್ಞರು ಎರಡು ತ್ರಿಕೋನ, ಒಂದು ವೃತ್ತ ಓಡಾಡೋ ಪುಟ್ಟ ಫಿಲ್ಮ್ ತೋರಿಸಿದ್ರೆ, ನೋಡಿದವರು ಹೆಚ್ಚುಕಮ್ಮಿ ಎಲ್ರೂ ಅದರಲ್ಲೂ ಜಗಳ, ಅಟ್ಟಿಸ್ಕೊಂಡು ಹೋಗೋದು ಎಲ್ಲಾ ಕಂಡ್ರು. ಓದಿದವರು ಇದಕ್ಕೆ ಹೊರತು ಅಂತ ನನಗನ್ಸಲ್ಲ, ಓದಿದವರ ಕಥೆ ಇನ್ನೂ ನೀಟಾಗಿರುತ್ತೆ ಅಷ್ಟೆ.

ಮಾವನ ಮಾತು ಪೂರ್ತಿ ಸುಳ್ಳೂ ಅಲ್ಲ. ರಸ್ತೆಗೆ, ಮನೆಗೆ ಅಂತ ಗುಡ್ಡ ಕಡಿದಿದ್ದೂ ಇತ್ತು, ದಿನಗಟ್ಟಲೆ ಬಿಡದೆ ಹೊಡೆದ ಮಳೆಗೆ ಮಣ್ಣು ನೀರು ಕುಡಿದು ಭಾರ ಆಗಿದ್ದೂ ಇತ್ತು. ಅವರ ಹತ್ರ ವಾದಕ್ಕೆ ಇಳೀಬೇಡಿ. ಆಗ ಗುಡ್ಡ ಕುಸಿದಿದ್ದ ಮಕ್ಕಂದೂರು, ಜೋಡುಪಾಲ ಕಡೆ ಕರ್ಕೊಂಡು ಹೋಗಿ, ಜಾರದೆ ನಿಂತಿರೋ ಗುಡ್ಡದ ಮೇಲೆ ಹೋಂಸ್ಟೇ ಇದೆಯಾ ನೋಡಿ ಅನ್ನಿ. ಅದಕ್ಕೂ ಒಂದು ಕಥೆ ಹೇಳ್ತಾರೆ, ಆಗ ಇನ್ನೊಂದು ಗುಡ್ಡ ತೋರಿಸಿ.